ಕರೆಯೋಲೆ ಇಲ್ಲದ ಹಬ್ಬ

ಔಷಧಿ ಅಂಗಡಿಗೆ ಬಂದಾಗಲೆಲ್ಲ ಚೆದಣ್ಣ ಒಂದು ತಮಾಷೆ ಹೇಳದೆ ಹೋದವನಲ್ಲ. ಅಂಥವನು ಅಂದು ರಕ್ತದೊತ್ತಡದ ಮಾತ್ರೆಗಳನ್ನು ಸುಮ್ಮನೆ ಜೇಬಿಗಿಳಿಸಿ ಬಾಗಿಲ ಕಡೆ ತಿರುಗಿದಾಗ, ಗಲ್ಲಾದ ಹಿಂದೆ ನಿಂತಿದ್ದ ಬಿಸೆರ್ಕಾಗೆ ಏನೋ ಸರಿಯಿಲ್ಲ ಅನ್ನಿಸಿತು.

"ಯಾಕೆ ಚೆದಣ್ಣ, ಮೈಗೆ ಹುಷಾರಿಲ್ವಾ?"

"ಮೈಗೇನು, ಗಟ್ಟಿಯಾಗಿದೆ." ಅವನು ಟೋಪಿ ಸರಿಪಡಿಸಿಕೊಂಡ. "ಈ ಸಲ ನಿಮ್ಮ ಸ್ಲಾವಾ ಹಬ್ಬ ಕರೆಯೋಲೆ ಇದ್ದೋರಿಗೆ ಮಾತ್ರ ಅಂತೆ. ಒಳ್ಳೇದೇ ಆಯ್ತು ಬಿಡು. ನನಗೂ ವಯಸ್ಸಾಯ್ತು, ನಾಲ್ಕನೇ ಮಹಡಿ ಹತ್ತೋದು ತಪ್ಪಿತು."

ಬಾಗಿಲ ಗಂಟೆ ಕಿಣಿಗುಟ್ಟಿತು. ಅವನು ಹೋಗಿಯಾಗಿತ್ತು.

ಬಿಸೆರ್ಕಾ ಮೇಜಿನ ಕೆಳಗೆ ಇಟ್ಟುಕೊಂಡಿದ್ದ ಫೋನು ತೆಗೆದಳು. ಮಗಳು ಹಾಕುವ ಒಂದೊಂದು ವಿಡಿಯೋವನ್ನೂ ಅವಳು ಅಲ್ಲೇ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನೋಡುತ್ತಿದ್ದಳು. ಹಾಗೆ ನೋಡುವುದನ್ನು ಮಗಳಿಗೆ ಎಂದೂ ಹೇಳಿರಲಿಲ್ಲ. ಈಗ ಅಲ್ಲಿ ಹಳದಿ ಬಣ್ಣದ ಅಂದವಾದ ಒಂದು ಓಲೆ ಇತ್ತು. "ಪೆಟ್ಕಾ ತಾಯಿಯ ದಿನ ನಮ್ಮ ಮನೆಯ ಸ್ಲಾವಾ, ನನ್ನ ಜಿಮ್ಮಿನ ಪ್ರಾರಂಭ. ಮಧ್ಯಾಹ್ನ ಕೆಳಗೆ ಜಿಮ್ಮಿನಲ್ಲಿ, ಆಮೇಲೆ ಮೇಲೆ ಮನೆಯಲ್ಲಿ. ಕರೆಯೋಲೆ ಪಡೆದವರಿಗೆ ಮಾತ್ರ." ಕೆಳಗೆ ಹೆಸರುಗಳು. ನೀಶ್ ನಗರದ ಹುಡುಗಿಯರು, ಬೆಲ್‌ಗ್ರೇಡಿನಲ್ಲಿ ಓಟದ ಬೂಟು ಮಾರುವ ಒಬ್ಬ, ಯಾರೋ ಯೋಗದವಳು. ತಮ್ಮ ಕಟ್ಟಡದವರು ಒಬ್ಬರೂ ಇರಲಿಲ್ಲ. ಅದರ ಕೆಳಗೆ ಲೆಕ್ಕವಿಲ್ಲದಷ್ಟು ಕೆಂಪು ಹೃದಯಗಳು.

ಅವಳು ಫೋನನ್ನು ಬೋರಲು ಹಾಕಿದಳು.

ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಪ್ರತಿ ಮನೆಗೂ ತನ್ನದೇ ಒಬ್ಬ ಸಂತ, ಇವರ ಮನೆಗೆ ಪೆಟ್ಕಾ ತಾಯಿ. ಆ ಸಂತನಿಗೆ ವರ್ಷದಲ್ಲಿ ಒಂದು ದಿನ. ಆ ದಿನ ಯಾರದೆಂದು ಊರಿಗೆ ಗೊತ್ತಿರುತ್ತದೆ. ಒಮ್ಮೆ ಬಂದವರು ಮುಂದಿನ ವರ್ಷ ತಾವಾಗಿಯೇ ಬರುತ್ತಾರೆ, ಕಾಲು ನಡೆಯುವ ತನಕ ಬರುತ್ತಾರೆ. ಅವರನ್ನು ಕರೆಯುವುದೆಂದರೆ, ನೀವು ಬರುತ್ತೀರೋ ಇಲ್ಲವೋ ಎಂದು ನಮಗೆ ಅನುಮಾನವಿತ್ತು ಎಂದ ಹಾಗೆ. ಇನ್ನು ಕೆಲವರನ್ನು ಕರೆದು ಕೆಲವರನ್ನು ಬಿಟ್ಟರಂತೂ ಮುಗಿಯಿತು. ಮುಖದ ಮೇಲೆ ಬಾಗಿಲು ಹಾಕಿದ ಹಾಗೆಯೇ.

ಬಿಸೆರ್ಕಾಗೆ ಈ ಹಬ್ಬ ಬರೀ ಹಬ್ಬವಾಗಿ ಉಳಿದಿರಲಿಲ್ಲ. ಗಂಡ ಬ್ಲಾಗೊಯೆ ತೀರಿಕೊಂಡಾಗ ನೋವಿ ಸಾದ್‌ನಿಂದ ಬಂದ ಮೈದುನ, ಮಣ್ಣು ಹಾಕಿದ ಕೈ ತೊಳೆಯುವಷ್ಟರಲ್ಲೇ ಹೇಳಿದ್ದ: "ಸ್ಲಾವಾ ಗಂಡುಮಕ್ಕಳ ಜೊತೆ ಹೋಗೋದು ಅತ್ತಿಗೆ. ಇನ್ಮೇಲೆ ನೀವಿಬ್ರೂ ನಮ್ಮನೆಗೇ ಬಂದ್ಬಿಡಿ, ಇಲ್ಲಿ ಯಾರು ಬರ್ತಾರೆ." ಅವನದು ಕೆಟ್ಟ ಮನಸ್ಸಲ್ಲ. ಆದರೂ ಅವಳು, "ಬಾಗಿಲು ತಟ್ಟೋರು ಇರೋ ತನಕ ಇಲ್ಲೇ ಮಾಡ್ತೀನಿ," ಎಂದಿದ್ದಳು. ಆಮೇಲೆ ಪ್ರತಿ ಅಕ್ಟೋಬರಿನಲ್ಲೂ ಮೊದಲ ಅತಿಥಿ ಬರುವವರೆಗೆ ಅವಳು ಬಾಗಿಲ ಬಳಿಯಿಂದ ಕದಲುತ್ತಿರಲಿಲ್ಲ. ಬಂದಿದ್ದರು. ಕೆಳಗಿನ ಮಹಡಿಗಳ ಕೊಸಾರಕ್ಕ, ಚೆದಣ್ಣ, ಟೈರು ಕಾರ್ಖಾನೆಯಿಂದ ನಿವೃತ್ತಳಾದ ಪಕ್ಕದ ಮನೆಯ ಮಿಲುಂಕಾ, ಎಲ್ಲರೂ ಬಂದಿದ್ದರು. ಈ ಸಲ ಬಾರದೆ ಹೋದರೆ ಅವಳ ಮಾತು ಅವಳಿಗೇ ಉರುಳಾಗುತ್ತಿತ್ತು. ಮುಂದಿನ ವರ್ಷ ಮೇಣದಬತ್ತಿ ನೋವಿ ಸಾದ್‌ನಲ್ಲಿ ಹತ್ತುತ್ತದೆ. ಬ್ಲಾಗೊಯೆಯ ಮನೆಯಲ್ಲಲ್ಲ.

ಸಂಜೆ ಮಗಳು ದುನ್ಯಾ ಮನೆಗೆ ಬಂದಾಗ ಅವಳ ಕೂದಲಿಗೆಲ್ಲ ಬಿಳಿ ಬಣ್ಣ ಅಂಟಿತ್ತು. ಕಟ್ಟಡದ ಕೆಳಗೆ ಮುಚ್ಚಿಹೋಗಿದ್ದ ಚಪ್ಪಲಿ ಅಂಗಡಿಯನ್ನು ಬಾಡಿಗೆಗೆ ಹಿಡಿದು ಅವಳೇ ಗೋಡೆ ಬಳಿಯುತ್ತಿದ್ದಳು. ತಂದೆಯ ಕಾಯಿಲೆಯ ವರ್ಷ ನೀಶ್‌ನಲ್ಲಿ ದೈಹಿಕ ಶಿಕ್ಷಣದ ಓದು ಮುಗಿಸಿ ಬಂದವಳು, ಹೊತ್ತು ಹೋಗದೆ ಬಾಲ್ಕನಿಯಲ್ಲಿ ವ್ಯಾಯಾಮ ಮಾಡುತ್ತ ಫೋನಿನಲ್ಲಿ ಹಿಡಿದು ಹಾಕತೊಡಗಿದ್ದಳು. ಈಗ ಅವಳನ್ನು ನೋಡುವವರ ಸಂಖ್ಯೆ ತಮ್ಮ ಪಿರೋಟ್ ಊರಿನ ಜನಸಂಖ್ಯೆಯನ್ನು ಯಾವಾಗಲೋ ದಾಟಿತ್ತು. ಇಷ್ಟು ದಿನ ಬೇರೆಯವರ ಪ್ರೋಟೀನ್ ಪುಡಿ, ಬೇರೆಯವರ ಬೂಟು ತೋರಿಸಿ ಹೊಗಳಿದ್ದು ಸಾಕು, ನನ್ನದೇ ಒಂದು ಇರಲಿ ಎಂದು ಈ ಜಿಮ್ಮು. ಹೆಂಗಸರಿಗೆ ಮಾತ್ರ. ಹೆಂಗಸರನ್ನು ಕಾಯುವ ಪೆಟ್ಕಾ ತಾಯಿಯ ದಿನವೇ ಬಾಗಿಲು ತೆರೆದರೆ ಶುಭ ಎಂದು ಅವಳೇ ಲೆಕ್ಕ ಹಾಕಿದ್ದಳು.

ಬಿಸೆರ್ಕಾ ಮಾತನ್ನು ಬಾಯಿಯಲ್ಲಿ ಎರಡು ಸಲ ಹೊರಳಿಸಿ ಆಮೇಲೆ ಕೇಳಿದಳು. "ಆ ಓಲೆಯಲ್ಲಿ ಕೊಸಾರಕ್ಕನ ಹೆಸರು ಯಾಕಿಲ್ಲ?"

"ನೀನು ಅದನ್ನ ಎಲ್ಲಿ ನೋಡಿದೆ?"

"ಎಲ್ಲೋ ನೋಡಿದೆ."

"ಅಮ್ಮಾ, ಅಂಗಡಿ ಅಂಗೈ ಅಗಲ ಇದೆ. ಎಲ್ಲರೂ ನುಗ್ಗಿದ್ರೆ ಎಲ್ಲಿ ನಿಲ್ಲಿಸ್ಲಿ? ಅದಕ್ಕೇ ಕರೆಯೋಲೆ ಅಂತ ಹಾಕಿದ್ದು. ಕೊಸಾರಾ ಅತ್ತೆಗೆ ಯಾಕೆ ಕಳಿಸ್ಬೇಕು? ಅವರು ಹೇಗಿದ್ರೂ ಬರ್ತಾರಲ್ಲ."

"ಹೇಗಿದ್ರೂ ಬರ್ತಿದ್ರು."

ದುನ್ಯಾ ಬಣ್ಣದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. ತಾಯಿ ಚೆದಣ್ಣನ ಮಾತು ಹೇಳಿದಳು. ಹೇಳುತ್ತಿದ್ದ ಹಾಗೆ ಮಗಳ ಮುಖ ಸಣ್ಣದಾಗುತ್ತ ಹೋಯಿತು.

"ನಾನು ಸ್ಲಾವಾ ಅಂತ ಬರೀಬಾರದಿತ್ತು."

"ಬರೆದಾಯ್ತಲ್ಲ."

"ಈಗ್ಲೇ ಹೋಗಿ ಎಲ್ಲರನ್ನೂ ಕರೆದು ಬರ್ತೀನಿ."

"ಬೇಡ." ಬಿಸೆರ್ಕಾ ಗಾಬರಿಯಿಂದ ಅವಳ ತೋಳು ಹಿಡಿದಳು. "ಕರೆದ್ರೆ ಗಾಯದ ಮೇಲೆ ಬರೆ. ನಿನ್ನ ಅಜ್ಜನ ಕಾಲದಿಂದ ಬರ್ತಿರೋರು ಅವರು. ಅವರನ್ನ ಇವತ್ತು ಹೊಸಬರ ಹಾಗೆ ಕರೀತೀಯಾ?"

"ಕರೆಯೋ ಹಾಗಿಲ್ಲ, ಬಿಡೋ ಹಾಗಿಲ್ಲ. ಮತ್ತೇನು ಮಾಡೋದು?"

"ಅಡುಗೆ ಮಾಡೋದು," ಎಂದಳು ಬಿಸೆರ್ಕಾ. ಬೇರೇನೂ ತೋಚಲಿಲ್ಲ.

ಮಾಡಿದಳು. ಹುಳಿ ಬಂದ ಎಲೆಕೋಸಿನ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ದೊಡ್ಡ ಪಾತ್ರೆ ತುಂಬ ಸರ್ಮಾ ಬೇಯಿಸಿದಳು. ಸ್ಲಾವಾದ ಗೋಧಿಯನ್ನು ಬೇಯಿಸಿ, ಒಣಗಿಸಿ, ಅರೆದು, ಅಕ್ರೋಟು ಮತ್ತು ಸಕ್ಕರೆ ಬೆರೆಸಿ ಗುಡ್ಡೆ ಮಾಡಿ, ಮೇಲೆ ಬಾದಾಮಿಯಿಂದ ಶಿಲುಬೆ ಬರೆದಳು. ಎಷ್ಟು ಜನಕ್ಕೆ ಎಂದು ಯೋಚಿಸಿದಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಪ್ರತಿ ವರ್ಷದಷ್ಟೇ ಮಾಡಿದಳು. ಕಡಿಮೆ ಮಾಡಿದರೆ ತಾನೇ ಅಪಶಕುನ ನುಡಿದ ಹಾಗೆ.

ಪೆಟ್ಕಾ ತಾಯಿಯ ದಿನ ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿ ಕೊಲಾಚ್ ರೊಟ್ಟಿಯ ಮೇಲೆ ಕೆಂಪು ದ್ರಾಕ್ಷಾರಸ ಹೊಯ್ದು ಅಡ್ಡ ಉದ್ದ ಕೊಯ್ದ. ಮನೆಗೆ ಬಂದು ಬಿಸೆರ್ಕಾ ಮೇಣದಬತ್ತಿ ಹಚ್ಚಿದಳು. ಅದು ಉರಿಯುವಷ್ಟು ಹೊತ್ತು ಹಬ್ಬ ನಡೆಸುವವರು ಮನೆ ಬಿಡುವುದಿಲ್ಲ, ಅತಿಥಿಗಳ ಎದುರು ಕೂರುವುದೂ ಇಲ್ಲ. ಹಾಗಾಗಿ ಮಗಳ ಜಿಮ್ಮಿನ ಪ್ರಾರಂಭವನ್ನು ಅವಳು ನಾಲ್ಕನೇ ಮಹಡಿಯ ಕಿಟಕಿಯಿಂದಲೇ ನೋಡಿದಳು. ತೆಳ್ಳಗಿನ, ಎತ್ತರದ, ಬಣ್ಣಬಣ್ಣದ ಬಿಗಿ ಉಡುಪಿನ ಹುಡುಗಿಯರು ಕಾರಿನಿಂದಿಳಿದು ದುನ್ಯಾಳನ್ನು ಅಪ್ಪಿಕೊಂಡರು. ಹಾಡು ಕೇಳಿಸಿತು. ಕನ್ನಡಿಯ ಮುಂದೆ ಒಬ್ಬೊಬ್ಬರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆಂದು ಬೆಳಕಿನ ಮಿಂಚಿನಿಂದ ಗೊತ್ತಾಗುತ್ತಿತ್ತು.

ಆಮೇಲೆ ಅವಳು ಕಿಟಕಿ ಬಿಟ್ಟು ಬಾಗಿಲ ಹತ್ತಿರ ಬಂದು ಮೆಟ್ಟಿಲಿಗೆ ಕಿವಿಗೊಟ್ಟಳು. ಆ ಮೆಟ್ಟಿಲ ಮೇಲೆ ಯಾರ ಕಾಲು ಹೇಗೆ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಿಲುಂಕಾಳ ಸರಸರ ಸದ್ದು ಬಂತು, ಪಕ್ಕದ ಬಾಗಿಲಲ್ಲಿ ಇಂಗಿತು. ಕೊಸಾರಕ್ಕನ ಊರುಗೋಲು ಬಂತು. ಅದು ಇವಳ ಬಾಗಿಲ ಮುಂದೆ ನಿಂತಿತು. ಬಿಸೆರ್ಕಾ ಏಪ್ರನ್ನಿಗೆ ಕೈ ಒರೆಸಿಕೊಂಡು ಚಿಲಕಕ್ಕೆ ಕೈ ಚಾಚಿದಳು. ಊರುಗೋಲು ಮಿಲುಂಕಾಳ ಬಾಗಿಲಿಗೆ ಹೋಗಿ ತಟ್ಟಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಸೇರಿ ಕೆಳಗಿಳಿದರು, ಕೊಸಾರಕ್ಕನ ಮನೆಗೆ ಕಾಫಿ ಕುಡಿಯಲು. ಕೆಳಗೆ ಬಾಗಿಲು ಮುಚ್ಚಿದ ಸದ್ದು ಮೆಲ್ಲಗೇ ಇತ್ತು. ಬಿಸೆರ್ಕಾಗೆ ಮಾತ್ರ ಮೆಲ್ಲಗೆ ಕೇಳಿಸಲಿಲ್ಲ.

ನೀಶ್‌ನ ಹುಡುಗಿಯರಾದರೂ ಮೇಲೆ ಬರಬಹುದು ಎಂದುಕೊಂಡಳು. ಬರಲಿಲ್ಲ. ಕಾರುಗಳು ಹೊರಟವು.

ದುನ್ಯಾ ಒಬ್ಬಳೇ ಮೇಲೆ ಬಂದಳು. ಮುಖದ ಮೇಲೆ ಬಣ್ಣ ಅಚ್ಚುಕಟ್ಟಾಗಿತ್ತು, ಕಣ್ಣು ಮಾತ್ರ ದಣಿದಿದ್ದವು. "ಅವರಿಗೆ ಬೆಳಕು ಹೋಗೋದ್ರೊಳಗೆ ಇನ್ನೊಂದು ಕಡೆ ಚಿತ್ರ ತೆಗೀಬೇಕಿತ್ತಂತೆ. ಒಳ್ಳೆ ಹುಡುಗೀರೇ ಅಮ್ಮ. ತುಂಬಾ ಹೊಗಳಿದ್ರು."

"ಸೇರಿಕೊಂಡ್ರಾ ಯಾರಾದ್ರೂ?"

"ನೀಶ್‌ನಿಂದ ದಿನಾ ಬೆಳಿಗ್ಗೆ ಇಲ್ಲಿಗೆ ಬರೋಕಾಗುತ್ತಾ?" ಅವಳು ನಗಲು ಹೋಗಿ ಬಿಟ್ಟಳು. ಆಗ ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ಗೋಧಿಯ ಗುಡ್ಡೆ ಒಂದು ಚಮಚವೂ ಕರಗಿರಲಿಲ್ಲ. ಸಣ್ಣ ಗಾಜಿನ ಲೋಟಗಳು ಬೋರಲಾಗಿಯೇ ಇದ್ದವು. ತಾಯಿ ಬಿಳಿ ಅಂಗಿ ತೊಟ್ಟು, ಕಿವಿಗೆ ಮುತ್ತಿನ ಓಲೆ ಇಟ್ಟು, ಜನರಿಲ್ಲದ ಮೇಜಿನ ತುದಿಯಲ್ಲಿ ನಿಂತಿದ್ದಳು. ಹಿಂದೆ ಬ್ಲಾಗೊಯೆ ನಿಲ್ಲುತ್ತಿದ್ದ ಜಾಗ ಅದು.

"ಯಾರೂ ಬರ್ಲಿಲ್ವಾ?"

ಬಿಸೆರ್ಕಾ ಒಂದು ಲೋಟ ತೆಗೆದು ಒರೆಸತೊಡಗಿದಳು. ಮಾತಾಡಿದರೆ ದನಿ ಒಡೆಯುತ್ತದೆ ಎಂದು ಗೊತ್ತಿತ್ತು. ಹಬ್ಬದ ದಿನ ಮಗಳ ಮುಂದೆ, ಅದೂ ಇಂಥ ದಿನ, ಹಾಗಾಗಬಾರದು.

ದುನ್ಯಾ ಮೇಜಿನ ಸುತ್ತ ಒಂದು ಸುತ್ತು ಬಂದಳು. ಕುರ್ಚಿಗಳ ಬೆನ್ನು ಮುಟ್ಟುತ್ತ ಬಂದಳು. ಆಮೇಲೆ ಬಾಗಿಲ ಕಡೆ ನಡೆದಳು.

"ಎಲ್ಲಿಗೆ? ಕರೆಯೋಕೆ ಹೋಗ್ಬೇಡ ಅಂತ ಹೇಳಿದೀನಿ."

"ಕರೆಯಲ್ಲ ಅಮ್ಮ. ಆಣೆ."

ಬಿಸೆರ್ಕಾ ಬಾಗಿಲು ತೆರೆದಿಟ್ಟು, ಹೊಸ್ತಿಲು ದಾಟದೆ, ಕತ್ತು ಮಾತ್ರ ಹೊರಗೆ ಚಾಚಿ ನಿಂತಳು. ಮಗಳು ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದದ್ದು, ಮೊದಲ ಮಹಡಿಯಲ್ಲಿ ಬಾಗಿಲು ತಟ್ಟಿದ್ದು ಕೇಳಿಸಿತು. ಮೆಟ್ಟಿಲ ಬಾವಿಯಲ್ಲಿ ಮಾತುಗಳು ತೇಲಿ ಬಂದವು.

"ಕೊಸಾರಾ ಅತ್ತೆ, ಕುರ್ಚಿ ಇದ್ರೆ ಒಂದೆರಡು ಕೊಡ್ತೀರಾ?"

"ಯಾಕಮ್ಮ, ನಿನ್ನ ಜಿಮ್ಮಲ್ಲಿ ಎಲ್ಲರೂ ನೆಲದ ಮೇಲೇ ಹೊರಳಾಡೋದಲ್ವಾ?"

"ಜಿಮ್ಮಿಗಲ್ಲ. ಮನೆಗೆ."

"ಓ. ಅಷ್ಟು ಜನ ಬಂದಿದ್ದಾರೆ ಅನ್ನು."

"ಯಾರೂ ಬಂದಿಲ್ಲ ಅತ್ತೆ. ಬರೋ ಹೊತ್ತಿಗೆ ಸಾಲದೆ ಹೋಗ್ಬಾರದಲ್ಲ ಅಂತ."

ಬಿಸೆರ್ಕಾ ಕೈಕಂಬಿಯನ್ನು ನೋಡುತ್ತ ನಿಂತಳು. ಈ ಹುಡುಗಿಗೆ ಇದು ಎಲ್ಲಿಂದ ಹೊಳೆಯಿತು ಎಂದುಕೊಂಡಳು. ಸ್ಲಾವಾದ ದಿನ ಕುರ್ಚಿ ಕೇಳಿದರೆ ಇಲ್ಲವೆನ್ನುವವರು ಪಿರೋಟ್‌ನಲ್ಲಿ ಹುಟ್ಟಿಲ್ಲ. ಒಂದು ರೊಟ್ಟಿಗೆ ಹತ್ತು ಸಲ ಚೌಕಾಸಿ ಮಾಡುವ ಊರು ಎಂದು ಸೆರ್ಬಿಯಾ ಪೂರ್ತಿ ತಮ್ಮನ್ನು ಹಾಸ್ಯ ಮಾಡುತ್ತದೆ, ನಿಜ. ಆದರೆ ಕುರ್ಚಿಯ ಮಾತೇ ಬೇರೆ.

"ಆ ಓಲೆಯಲ್ಲಿ ನನ್ನ ಹೆಸರಿರಲಿಲ್ಲ," ಎಂದಿತು ಕೊಸಾರಕ್ಕನ ದನಿ. ಚುಚ್ಚುವ ಹಾಗೆ ಹೊರಟದ್ದು ನಡುವೆಯೇ ಮೊಂಡಾಯಿತು. "ನನ್ನ ಮೊಮ್ಮಗಳು ತೋರಿಸಿದ್ಲು. ನಿನ್ನ ಅಪ್ಪನಿಗೆ ಮದುವೆ ಬಟ್ಟೆ ಇಸ್ತ್ರಿ ಮಾಡಿದ್ದು ನಾನು."

"ತಪ್ಪಾಯ್ತು ಅತ್ತೆ."

"ಆ ಕಡ್ಡಿ ಹುಡುಗೀರಿಗೆಲ್ಲ ಓಲೆ."

"ಅವರಿಗೆ ಓಲೆ ಬೇಕಿತ್ತು, ಅವರು ನಮ್ಮೋರಲ್ಲವಲ್ಲ. ಅದು ಅಷ್ಟೇ ಅತ್ತೆ. ನಿಮ್ಮ ಹೆಸರು ಅಲ್ಲಿ ಹಾಕೋದು ನನಗೆ ಹೊಳೀಲೇ ಇಲ್ಲ. ಅಮ್ಮನ ಹೆಸರು ಹಾಕೋದೂ ಹೊಳೀಲಿಲ್ಲ."

ನೆಲದ ಮೇಲೆ ಮರ ಎಳೆದ ಸದ್ದು.

"ಈ ನಾಲ್ಕು ತಗೋ. ಅದನ್ನ ಹಾಗೆ ಹಿಡೀಬೇಡ ಮಗನೇ, ಕಾಲು ಸಡಿಲ ಇದೆ." ಪಿರೋಟ್‌ನಲ್ಲಿ ಮುದ್ದು ಉಕ್ಕಿದಾಗ ಮಗಳೂ ಮಗನೇ.

ದುನ್ಯಾ ಎರಡು ಕೈಯಲ್ಲೂ ಕುರ್ಚಿ ನೇತು ಹಾಕಿಕೊಂಡು ನಾಲ್ಕನೇ ಮಹಡಿಗೆ ಬಂದಳು, ಇಳಿಸಿದಳು, ತಾಯಿಯ ಮುಖ ನೋಡದೆ ಮತ್ತೆ ಓಡಿದಳು. ಎರಡನೇ ಮಹಡಿಯಲ್ಲಿ ಚೆದಣ್ಣ ಬಾಗಿಲಲ್ಲೇ ಕಾಯುತ್ತಿದ್ದನೆಂದು ಕಾಣುತ್ತದೆ, ತಟ್ಟುವ ಸದ್ದೇ ಕೇಳಲಿಲ್ಲ.

"ಕುರ್ಚಿ ಏನೋ ಕೊಡ್ತೀನಿ. ವಾಪಸ್ ಯಾವಾಗ?"

"ನೀವೇ ಬಂದು ತಗೊಂಡು ಹೋಗ್ಬೇಕಾಗುತ್ತೆ ಚೆದಾ ಮಾಮ. ಇಳಿಸೋಕೆ ನನ್ನಲ್ಲಿ ಶಕ್ತಿ ಉಳಿದಿರಲ್ಲ."

"ಇದು ಕರೆದ ಹಾಗಾಯ್ತಲ್ಲೇ?"

"ಇಲ್ಲ ಮಾಮ. ಕುರ್ಚಿ ವಿಚಾರ."

ಮೊದಲು ಬಂದವಳು ಮಿಲುಂಕಾ. ಸುತ್ತಿಗೆಯ ಹಾಗೆ ಬಾಗಿಲು ತಟ್ಟಿದಳು, ಬಾಗಿಲು ತೆರೆದೇ ಇದ್ದರೂ. ಕೈಯಲ್ಲಿ ಒಂದು ಮುಕ್ಕಾಲಿ, ಕಂಕುಳಲ್ಲಿ ಕಾಫಿ ಪೊಟ್ಟಣ. ಅವಳ ಹಿಂದೆ ಚೆದಣ್ಣ, ಏದುಸಿರು ಬಿಡುತ್ತ.

"ನಾನು ಸ್ಲಾವಾಕ್ಕೆ ಬಂದಿಲ್ಲ," ಎಂದ ಅವನು ಹೊಸ್ತಿಲಲ್ಲಿ ಟೋಪಿ ತೆಗೆದು. "ನನ್ನ ಕುರ್ಚಿ ನೋಡ್ಕೊಳ್ಳೋಕೆ ಬಂದಿದ್ದೀನಿ. ಅದನ್ನ ಗೊತ್ತಿಲ್ಲದ ಮನೆಯಲ್ಲಿ ಒಂಟಿಯಾಗಿ ಬಿಡೋಕಾಗಲ್ಲ."

"ನೋಡ್ಕೋ ಚೆದಣ್ಣ," ಎಂದಳು ಬಿಸೆರ್ಕಾ. ದನಿ ಒಡೆಯಿತು. ಯಾರೂ ಅದನ್ನು ಕೇಳಿಸಿಕೊಂಡ ಹಾಗೆ ತೋರಿಸಲಿಲ್ಲ.

ಕೊನೆಗೆ ಕೊಸಾರಕ್ಕ ಊರುಗೋಲು ಕುಟ್ಟುತ್ತ ಬಂದಳು. ಮೇಣದಬತ್ತಿಯ ಮುಂದೆ ನಿಂತು ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಬಿಸೆರ್ಕಾಳ ಎರಡೂ ಕೆನ್ನೆಗೆ, ಮತ್ತೆ ಮೊದಲಿನ ಕೆನ್ನೆಗೆ ಮುತ್ತಿಟ್ಟು, "ನಿಮ್ಮ ಸ್ಲಾವಾ ಸುಖವಾಗಿ ನಡೀಲಿ, ಮನೆ ಬಾಳಲಿ," ಎಂದಳು. ಗೋಧಿಯ ಗುಡ್ಡೆಯಿಂದ ಒಂದು ಚಮಚ ತೆಗೆದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. "ಸಕ್ಕರೆ ಸರಿಯಾಗಿದೆ. ಆ ಕಡ್ಡಿಗಳು ಇದನ್ನ ಮುಟ್ಟಿರಲ್ಲ."

"ಮೇಲೇ ಬರ್ಲಿಲ್ಲ ಅತ್ತೆ," ಎಂದಳು ದುನ್ಯಾ.

"ಅವರ ಹಣೆಯಲ್ಲಿ ಬರೆದಿರಲಿಲ್ಲ."

ಸರ್ಮಾ ಬಂತು, ಒತ್ತಿ ಒಣಗಿಸಿದ ಪೆಗ್ಲಾನಾ ಸಾಸೇಜ್ ಬಂತು, ಚೆದಣ್ಣನ ಲೋಟಕ್ಕೆ ಹಣ್ಣಿನ ಸಾರಾಯಿ ರಾಕಿಯಾ ಬಂತು. ಬಿಸೆರ್ಕಾ ನಿಂತೇ ಬಡಿಸಿದಳು. ಮೇಜಿನ ಇನ್ನೊಂದು ತುದಿಯಲ್ಲಿ ದುನ್ಯಾ ಕೂಡ ಕೂರದೆ ನಿಂತು ತಟ್ಟೆ ಎತ್ತಿಕೊಡುತ್ತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ.

"ಇವತ್ತು ಪೆಟ್ಕಾ ತಾಯಿ ದಿನ, ಹೆಂಗಸರು ಕೆಲಸ ಮಾಡ್ಬಾರದು," ಎಂದಳು ಮಿಲುಂಕಾ ಬಾಯಿ ತುಂಬಿಕೊಂಡು. "ಸೂಜಿ ಹಿಡೀಬಾರದು, ಬಟ್ಟೆ ಒಗೀಬಾರದು. ನೀನು ಅವರನ್ನೆಲ್ಲ ಕುಣಿಸಿದ್ಯಲ್ಲ, ಅದು ಪಾಪ ಅಲ್ವಾ?"

"ವ್ಯಾಯಾಮ ಕೆಲಸ ಅಲ್ಲ ಮಿಲುಂಕಾ ಅತ್ತೆ."

"ಬೆವರು ಬಂದ್ರೆ ಕೆಲಸ."

"ಬೆವರೋಕೆ ಕಾಸು ಕೊಡೋದು ನಾವೇ ಆದ್ರೆ ಅದು ಕೆಲಸ ಅಲ್ಲ, ಹುಚ್ಚು," ಎಂದ ಚೆದಣ್ಣ. "ಹುಚ್ಚಿಗೆ ಪಾಪ ಇಲ್ಲ. ಪಾದ್ರೀನ ಕೇಳು ಬೇಕಾದ್ರೆ."

ನಗೆ ಎದ್ದಿತು. ಕೊಸಾರಕ್ಕ ನಗುತ್ತ ನೀರಿಗೆಂದು ಏಳಲು ಹೋದಳು, ಆಗಲಿಲ್ಲ. ಸೊಂಟ ಹಿಡಿದು ಮತ್ತೆ ಕೂತಳು. "ನೋಡಿದ್ಯಾ, ಇದು ನಮ್ಮ ಕಥೆ. ನಿನ್ನ ಹಾಗೆ ನೆಗೆಯೋಕೆ ನಮ್ಮ ಕೈಲಾಗುತ್ತಾ? ನನಗೆ ಏಳೋದೇ ದೊಡ್ಡದು."

ದುನ್ಯಾ ತಟ್ಟೆ ಕೆಳಗಿಟ್ಟಳು. ಬಂದು ಕೊಸಾರಕ್ಕನ ಮುಂದೆ ಮಂಡಿಯೂರಿ, ಮುದುಕಿಯ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ಹತ್ತಿರಕ್ಕೆ ಸರಿಸಿದಳು. "ಕಾಲು ಇಲ್ಲಿ. ಕೈ ಮಡಿಲಲ್ಲಿ. ಮೇಲೆ ಏಳ್ಬೇಡಿ ಅತ್ತೆ, ಮೊದಲು ಮುಂದೆ ಬಾಗಿ. ಮೂಗು ನನ್ನ ಕಡೆಗೆ. ಇನ್ನೂ. ಹಾಂ, ಈಗ."

ಕೊಸಾರಕ್ಕ ಎದ್ದಳು. ಊರುಗೋಲು ಕುರ್ಚಿಗೆ ಒರಗಿಯೇ ಇತ್ತು. ಅವಳು ಅದನ್ನೊಮ್ಮೆ ನೋಡಿ, ಯಾರಿಗೂ ಏನೂ ಹೇಳದೆ ಕೂತಳು. ಮತ್ತೆ ಎದ್ದಳು.

ಆಮೇಲೆ ಮಿಲುಂಕಾ ಎದ್ದಳು, ಕೂತಳು. ಚೆದಣ್ಣನೂ ಗಂಡಸರಿಗೆ ಬೇಡವಾ ಎನ್ನುತ್ತ ರಾಕಿಯಾ ಲೋಟ ಹಿಡಿದೇ ಎದ್ದು ಕೂತ. ದುನ್ಯಾ ಒಬ್ಬೊಬ್ಬರ ಪಾದ ಸರಿಸುತ್ತ, ಬೆನ್ನಿಗೆ ಅಂಗೈ ಇಡುತ್ತ ಸುತ್ತಿದಳು. ಬಿಸೆರ್ಕಾ ಎಷ್ಟು ವಿಡಿಯೋ ನೋಡಿದ್ದಳು, ಆದರೆ ಮಗಳ ಕೈ ಹೀಗೆ ಇನ್ನೊಬ್ಬರ ಮೈ ಮುಟ್ಟುವುದನ್ನು ಅವಳು ಕಂಡಿರಲಿಲ್ಲ. ಬ್ಲಾಗೊಯೆಯ ಕೊನೆಯ ತಿಂಗಳುಗಳಲ್ಲಿ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದವಳು ಇವಳೇ ಎಂಬುದು ಈಗ ನೆನಪಾಯಿತು. ಆಗ ಬಿಸೆರ್ಕಾ ಗಂಡನ ಮುಖವನ್ನಷ್ಟೇ ನೋಡುತ್ತಿದ್ದಳು.

"ಇದನ್ನ ಫೋನಲ್ಲಿ ಹಾಕಲ್ವೇನೇ?" ಎಂದ ಚೆದಣ್ಣ. "ಊರೆಲ್ಲ ನೋಡ್ಲಿ ನನ್ನ ಕಾಲು."

"ಇಲ್ಲ ಮಾಮ. ಇದು ಇನ್ಮೇಲೆ ಕಾಸು ಕೊಟ್ಟೋರಿಗೆ ಮಾತ್ರ."

"ಭೇಷ್," ಎಂದಳು ಮಿಲುಂಕಾ. "ಇವಳು ಪಿರೋಟ್‌ನವಳೇ."

ಕತ್ತಲಾಗುವ ಮೊದಲೇ ಅತಿಥಿಗಳು ಎದ್ದರು. ಕುರ್ಚಿಗಳನ್ನು ಯಾರೂ ಮುಟ್ಟಲಿಲ್ಲ. ಹೊಸ್ತಿಲಲ್ಲಿ ದುನ್ಯಾ, "ಕೊಸಾರಾ ಅತ್ತೆ, ನಾಳೆ ಬೆಳಿಗ್ಗೆ ಕೆಳಗೆ..." ಎಂದು ಶುರು ಮಾಡಿದಳು. ಬಿಸೆರ್ಕಾ ಅವಳ ಸೊಂಟಕ್ಕೆ ಮೆಲ್ಲಗೆ ತಿವಿದಳು. ದುನ್ಯಾ ನಾಲಿಗೆ ಕಚ್ಚಿಕೊಂಡಳು. ಕೊಸಾರಕ್ಕ ಏನೂ ಕೇಳದವಳ ಹಾಗೆ ಇಳಿದುಹೋದಳು.

ಮೈದುನ ಫೋನು ಮಾಡಿ ಶುಭ ಹಾರೈಸಿ, "ಹೇಗಾಯ್ತು ಅತ್ತಿಗೆ, ಯಾರಾದ್ರೂ ಬಂದಿದ್ರಾ?" ಎಂದಾಗ ಬಿಸೆರ್ಕಾ ಪಾತ್ರೆ ತೊಳೆಯುತ್ತಿದ್ದಳು. "ಬಂದಿದ್ರು," ಎಂದಳು. "ಕುರ್ಚಿ ಸಾಲದೆ ಹೋಯ್ತು. ಮುಂದಿನ ವರ್ಷ ನೀವೂ ಬನ್ನಿ."

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಹೊರಟವಳು ಜಿಮ್ಮಿನ ಗಾಜಿನ ಮುಂದೆ ನಿಂತಳು. ಒಳಗಿನದು ಸರಿಯಾಗಿ ಕಾಣುತ್ತಿರಲಿಲ್ಲ, ಗಾಜೆಲ್ಲ ಉಸಿರಿನ ಆವಿಯಿಂದ ಮಂಜಾಗಿತ್ತು. ಬಾಗಿಲು ಸ್ವಲ್ಪ ತಳ್ಳಿದಳು. ಹೊಸ ಚಾಪೆಗಳ ಮೇಲೆ ನಿನ್ನೆಯ ಅದೇ ಹಳೆಯ ಮರದ ಕುರ್ಚಿಗಳು ವೃತ್ತವಾಗಿ ಕೂತಿದ್ದವು, ಅವುಗಳ ಮೇಲೆ ಸ್ವೆಟರು, ಉಣ್ಣೆಯ ಕಾಲುಚೀಲ ಹಾಕಿದ ಹೆಂಗಸರು. ಕಟ್ಟಡದವರಲ್ಲದ ಮುಖಗಳೂ ಇದ್ದವು, ಯಾರ ಯಾರದೋ ತಂಗಿಯರು.

"ಒಂದು ಕಿಟಕಿ ತೆಗೀಲಾ? ಉಸಿರಾಡೋಕಾಗ್ತಿಲ್ಲ," ಎನ್ನುತ್ತಿದ್ದಳು ದುನ್ಯಾ, ಕಿಟಕಿಯ ಹಿಡಿಗೆ ಕೈ ಹಾಕಿ.

"ಮುಚ್ಚು ಮುಚ್ಚು," ಎಂದಳು ಕೊಸಾರಕ್ಕ. "ಬಾಗಿಲೂ ತೆರೆದಿದೆ. ಎರಡು ಕಡೆಯಿಂದ ಗಾಳಿ ಹೊಡೆದು ನಾವು ಸಾಯೋಕಾ? ಬೆವರಿದ ಬೆನ್ನಿಗೆ ಗಾಳಿ ತಾಗಿ ನನ್ನ ನಾದಿನಿ ಕತ್ತು ಒಂದು ವಾರ ತಿರುಗಲಿಲ್ಲ."

"ಗಾಳಿಯಿಂದ ಹಾಗೆಲ್ಲ ಆಗಲ್ಲ ಅತ್ತೆ. ನಾನು ಅದನ್ನೇ ಓದಿದ್ದು."

"ಓದಿದೋಳು ನೀನು. ಕತ್ತು ನಮ್ಮದು."

ದುನ್ಯಾ ವೃತ್ತದಲ್ಲಿ ಕೂತವರನ್ನೆಲ್ಲ ಒಮ್ಮೆ ನೋಡಿದಳು. ಕಿಟಕಿಯ ಹಿಡಿ ಬಿಟ್ಟಳು. ಮೈಮೇಲಿನ ದಪ್ಪ ಅಂಗಿ ಕಳಚಿ ಮೂಲೆಗೆ ಎಸೆದು, ಬಾಗಿಲಲ್ಲಿ ನಿಂತ ತಾಯಿಯನ್ನು ಕಂಡು, "ಅಮ್ಮಾ, ಒಳಗೆ ಬಾ ಇಲ್ಲ ಹೊರಗೆ ಹೋಗು, ಬಾಗಿಲು ಹಾಕು," ಎಂದಳು.

ಬಿಸೆರ್ಕಾ ಗಡಿಯಾರ ನೋಡಿಕೊಂಡಳು. ಆಮೇಲೆ ಒಳಗೆ ಬಂದು, ಬಾಗಿಲು ಭದ್ರವಾಗಿ ಎಳೆದುಕೊಂಡಳು.